ನಾಲ್ಕನೇ ಆವೃತ್ತಿ

ಚೇಳೂರು ದಾಟಿದರೆ ಸಿಗ್ನಲ್ಲು ಸತ್ತಂತೆ.
ಬೈಕಿನ ಹಿಂದೆ ವೀರ್ಯದ ಕಡ್ಡಿಗಳ ತಣ್ಣನೆ ಕ್ಯಾನು,
ಬೆದೆಗೆ ಬಂದ ಹಸು ಯಾವ ದಿಣ್ಣೆಯಾಚೆ
ಕೇಳಲು ನರಪಿಳ್ಳೆಯಿಲ್ಲ.

ಚಿಂತಾಮಣಿಯ ರಿಪೇರಿ ಅಂಗಡಿ ಷಫೀವುಲ್ಲಾ
ಮೆಮೊರಿ ಕಾರ್ಡಿಗೆ ತುಂಬಿಕೊಟ್ಟ ತಾನೇ ಮಾಡಿದ ಮ್ಯಾಪು.
ನೆಟ್ ಬೇಡ ಸಾರ್, ಆಕಾಶ ಕಂಡರೆ ಸಾಕು.
ಮೊದಲನೇದರಲ್ಲಿ ಒಂದೇ ಟಾರು ರಸ್ತೆ,
ಮಿಕ್ಕಿದ್ದೆಲ್ಲ ಸುಣ್ಣ ಬಳಿದ ಗೋಡೆ.

ನಾನು ಹೋದಲ್ಲೆಲ್ಲ ಗೆರೆ ಬಿತ್ತು:
ಬಂಡಿಜಾಡು, ಹುಣಸೆತೋಪು,
ನಾಯಿ ಅಟ್ಟಿಸಿಕೊಂಡು ಬರುವ ತಿರುವು,
ಗಂಗುಲಮ್ಮನ ಬಾವಿ.
ಭಾನುವಾರ ಅವನ ಕೇಬಲ್ಲಿಗೆ ಒಪ್ಪಿಸಿ ಬರುವೆ.
ಎರಡನೇದು, ಮೂರನೇದು, ನಾಲ್ಕನೇದು,
ಗೋಡೆ ತುಂಬ ಊರು ಮೊಳೆತವು.

ಆಮೇಲೆ ಮಾರಿಬಿಟ್ಟ.
ಮಳಿಗೆ ಬಾಡಿಗೆ ಬಾಕಿ ಇತ್ತು ಅಂದ, ಮುಖ ನೋಡದೆ.
ಐದನೇದನ್ನು ಯಾರೋ ಎಲ್ಲೋ ಕೂತು ಗುಡಿಸಿ ಒಪ್ಪ ಮಾಡಿದ್ದರು:
ಬಾವಿಯಿಲ್ಲ, ನಾಯಿಯ ತಿರುವಿಲ್ಲ,
ಹತ್ತು ವರ್ಷ ಒಣಗಿದ ಕೆರೆಗೆ ಮಾತ್ರ
ಕಡುನೀಲಿ ಬಳಿದಿದ್ದರು.

ಒಡೆದ ಗಾಜಿನ ಫೋನಲ್ಲಿ ನಾಲ್ಕನೇದು ಇನ್ನೂ ಇದೆ.
ಅಪ್‌ಡೇಟ್ ಕೇಳುತ್ತದೆ, ಬೇಡ ಅನ್ನುತ್ತೇನೆ.

ನಿನ್ನೆ ರಾತ್ರಿ ಒಂದು ಹೊಸ ಕೊಟ್ಟಿಗೆ.
ಭುಜದವರೆಗೆ ಕೈಗವಸು ಏರಿಸುವಾಗ
ಸುಮ್ಮನೆ ಫೋನು ನೋಡಿದೆ:
ನೀಲಿ ಚುಕ್ಕಿ ಬಾವಿಯ ನಟ್ಟನಡುವೆ.
ಮುಚ್ಚಿ ಕಟ್ಟಿದ್ದಾರೆ, ಕೆಳಗೆ ಸಿಮೆಂಟು.
ಗಂಗುಲಮ್ಮನ ಮೊಮ್ಮಗಳು ಟಾರ್ಚು ಹಿಡಿದು ಕೇಳಿದಳು,
ದಾರಿ ಹೆಂಗೆ ಸಿಕ್ತು ನಿಮಗೆ?
ಬಾಲ ಸರಿಯಾಗಿ ಹಿಡ್ಕೊಳಮ್ಮ ಅಂದೆ.