ಒಂಬತ್ತನೆಯ ಮಹಡಿಯ ಟಪಾಲು

ಕುತಾಯಿಸಿಯಲ್ಲಿ ಕರೆಂಟು ಹೋದದ್ದು ಸೆಪ್ಟೆಂಬರಿನಲ್ಲಿ.
ಲಿಫ್ಟು ಅವತ್ತೇ ಐದರ ಆರರ ನಡುವೆ ನೇತುಬಿದ್ದಿತು,
ಒಳಗೆ ಯಾರದೋ ಎಲೆಕೋಸು.
ಡಿಸೆಂಬರಿಗೆ ವಾಸನೆಯೂ ನಿಂತಿತು.

ನಾನು ಅಂಚೆಯವ. ಒಂಬತ್ತು ಮಹಡಿ,
ನೂರ ಅರವತ್ತೆರಡು ಮೆಟ್ಟಿಲು. ಕತ್ತಲಲ್ಲಿ
ಮೊಣಕಾಲೇ ಎಣಿಸುತ್ತದೆ.
ಮೇಲೆ ಮಕ್ವಾಲಾ. ಭೂಗೋಳದ ಮೇಡಂ,
ಶಾಲೆ ಮುಚ್ಚಿದ ಮೇಲೆ ಬರೀ ಮಕ್ವಾಲಾ.
ಅವಳಿಗೆ ಬರುವುದೆಲ್ಲ ತೂಕದ್ದು:
ಹೋದ ಕಟ್ಟೇ ಹೋದ ಹಾಗೆ ಮರಳಿದ್ದು,
ದಾರ ಮಾತ್ರ ಬೇರೆ.
ಒಪ್ಪಿಗೆಯ ಕಾಗದ ಹಗುರವಂತೆ, ಒಂದೇ ಹಾಳೆಯಂತೆ.
ಅಂಥದ್ದನ್ನು ನಾನು ಹೊತ್ತವನಲ್ಲ.

ಒಮ್ಮೆ ಸಂಪಾದಕರ ಚೀಟಿ ಹೊರಗೇ ಸಿಕ್ಕಿಸಿತ್ತು, ಓದಿಬಿಟ್ಟೆ:
'ಬ್ರೆಡ್ಡಿನ ಸಾಲಿನಲ್ಲಿ ನಿಂತವರು
ಕಾದಂಬರಿ ಓದುತ್ತಾರೆಯೇ, ಮೇಡಂ?'
ನಾನೂ ಅದೇ ಸಾಲಿನವನು. ಉತ್ತರ ಹೊಳೆಯಲಿಲ್ಲ.

ಹಾಗಾಗಿ ಜನವರಿಯಲ್ಲಿ ಬಂದ ಕಟ್ಟನ್ನು ಕೊಡಲಿಲ್ಲ.
ಮಂಚದ ಕೆಳಗೆ ತಳ್ಳಿದೆ, ಆಲೂಗಡ್ಡೆ ಚೀಲದ ಪಕ್ಕ.
ಹಬ್ಬ ಕಳೆಯಲಿ ಅಂದುಕೊಂಡೆ, ಆಮೇಲೆ ಚಳಿ ಕಳೆಯಲಿ ಅಂತ,
ಹನ್ನೊಂದು ದಿನ.
ಕದ್ದ ಮಾಲಿಗಿಂತ ಕರುಣೆ ಬಚ್ಚಿಡುವುದು ಕಷ್ಟ;
ರಾತ್ರಿಯೆಲ್ಲ ಬೆನ್ನಿಗೆ ಒತ್ತುತ್ತಿತ್ತು.

ಹನ್ನೆರಡನೆಯ ದಿನ ಹತ್ತಿದೆ, ತಲೆ ತಗ್ಗಿಸಿ ಕೊಟ್ಟೆ.
ಬೈದಳು. ಯಾಕೆ ಬೈದಳೆಂದರೆ,
'ಹನ್ನೊಂದು ದಿನ ಕಾಗದವಿಲ್ಲದೆ ಕೂತಿದ್ದೆನಲ್ಲೋ!'
ಅಲ್ಲೇ, ಹೊಸ್ತಿಲಲ್ಲೇ, ದಾರ ಹರಿದು
ಹಾಳೆಗಳನ್ನು ಬೋರಲು ಹಾಕಿದಳು,
ರೊಟ್ಟಿ ಮಗುಚುವ ಹಾಗೆ.
ಬೆನ್ನೆಲ್ಲ ಬಿಳಿ. ಇನ್ನೂರ ಹತ್ತು ಪುಟ ಬಿಳಿ.

'ಇನ್ನೂ ಆಸೆಯಿದೆಯೇ?' ಎಂದೆ.
'ಆಸೆ? ಅದನ್ನು ಅಕ್ಟೋಬರಿನಲ್ಲೇ ಒಲೆಗೆ ಹಾಕಿದೆ,
ಕುರ್ಚಿಯ ಕಾಲಿನ ಜೊತೆ. ಒಂದು ಲೋಟ ಚಹಾ ಕಾಯಿತು, ಅಷ್ಟೇ.
ಆದರೆ ನಾಲ್ಕನೆಯ ಅಧ್ಯಾಯದಲ್ಲಿ ಬೇಸೋ ಇದ್ದಾನೆ.
ರಿಯೋನಿ ದಾಟಿ ಬಂದವನು. ಬಾಗಿಲಲ್ಲಿ ನಿಂತಿದ್ದಾನೆ,
ಹೆಗಲ ಮೇಲೆ ಹಿಮ, ಕೈಯಲ್ಲಿ ಒಂದು ಬೂಟು.
ನವೆಂಬರಿನಿಂದ ನಿಂತಿದ್ದಾನೆ ಕಣೋ.
ಬಂದವನನ್ನು ಹೊಸ್ತಿಲಲ್ಲಿ ನಿಲ್ಲಿಸಿ
ದೀಪ ಆರಿಸಿ ಮಲಗುವ ಮನೆ
ನಮ್ಮ ಕಡೆ ಎಲ್ಲಾದರೂ ಉಂಟೇ?'

ಹಾಗಂತ ಪುಟಗಟ್ಟಲೆ ಬರೆಯುತ್ತಿರಲಿಲ್ಲ ಅವಳು.
ಕಂಡದ್ದಕ್ಕೆ ಪಕ್ಕದ ಮನೆಯವರು ಅಂದದ್ದು ಸೇರಿಸಿ ಹೇಳುತ್ತೇನೆ:
ಕೈಗವಸಿನ ಬೆರಳು ಕತ್ತರಿಸಿಕೊಂಡಿದ್ದಳು. ಇಂಕು ಹೆಪ್ಪುಗಟ್ಟಿ
ಪೆನ್ಸಿಲಿಗೆ ಇಳಿದಿದ್ದಳು. ವಾರಕ್ಕೆ ಒಂದು ಸಾಲು,
ಅದನ್ನೂ ಹೊಡೆದುಹಾಕಿ
ಮೇಣದ ಬತ್ತಿ ಉಳಿಯಲೆಂದು ಬೇಗ ಊದಿ
ಕತ್ತಲಲ್ಲಿ ಕೂತಿರುತ್ತಿದ್ದಳು,
ಅಳುತ್ತಿದ್ದಳೋ ಏನೋ, ನಾನು ಕೇಳಲಿಲ್ಲ.
ಬೆಳಿಗ್ಗೆ ಮತ್ತೆ ಬೇಸೋ. ಮತ್ತೆ ಬಾಗಿಲು.

ಫೆಬ್ರವರಿಯ ಒಂದು ದಿನ ಅವಳ ಹೆಸರಿಗೆ ಏನೂ ಇರಲಿಲ್ಲ.
ಆರನೆಯ ಮಹಡಿ ದಾಟಿದ ಮೇಲೆ ಅದು ನೆನಪಾಯಿತು.
ಆದರೂ ಹತ್ತಿದೆ. ತಟ್ಟಿದೆ.
'ಟಪಾಲಿಲ್ಲ,' ಎಂದೆ. 'ಅವನು ಒಳಗೆ ಬಂದನೇ?'

'ಎಲ್ಲಿ ಬರುತ್ತಾನೆ,' ಸಿಡುಕಿದಳು. 'ಒಂಟಿ ಬೂಟಿನ ಗಂಡಸು
ಹೇಗೆ ನಿಲ್ಲುತ್ತಾನೆಂದೇ ತಿಳಿಯುತ್ತಿಲ್ಲ ನನಗೆ.
ನೀನಾದರೂ ಬಾ. ಚಹಾ ಇಲ್ಲ, ಬಿಸಿನೀರಿದೆ.
ಆ ಹಿಮವನ್ನು ಆಚೆಯೇ ಬಿಟ್ಟು ಬಾ.'

ಗೋಡೆಗೆ ಒರಗಿ ಒಂದು ಬೂಟು ಎಳೆದೆ.
ಕಾಲುಚೀಲದ ತೂತು ಕಾಣದಿರಲೆಂದು
ಆ ಪಾದವನ್ನು ಇನ್ನೊಂದರ ಹಿಂದೆ ಅಡಗಿಸಿದೆ,
ಬೂಟು ಎಲ್ಲಿಡಬೇಕೆಂದು ತೋಚದೆ
ಕೈಯಲ್ಲೇ ಹಿಡಿದೆ.

ಅವಳು ನೋಡಿದಳು.
'ಅಲ್ಲಾಡಬೇಡ,' ಎಂದು
ಪೆನ್ಸಿಲು ಹುಡುಕುತ್ತ ಒಳಗೆ ಹೋದಳು.