ಜ್ವಾಳಿ

ಪಂಜರದಾಗ ನಿಂತು ಎರಡು ಸಾವಿರ ಅಡಿ ಇಳದು
ಕಲ್ಲಿಗೆ ತೂತು ಹೊಡದು ಮದ್ದು ತುಂಬಿ
ಇಪ್ಪತ್ತೆರಡು ವರ್ಷ ಆತು ಈ ಕೈಗೆ.
ಹಟ್ಟಿ ಗಣ್ಯಾಗ ಯಾರನ್ನರ ಕೇಳ್ರಿ,
ನಡುಗಿದ್ದು ಕಂಡವರಿಲ್ಲ.

ನಿನ್ನೆ ಪಾಳಿ ಮುಗಿಸಿ ಬಂದಾಗ
ಕ್ವಾರ್ಟರ್ಸಿನ ಹಿತ್ತಲದಾಗ, ನೀರಿನ ಡ್ರಮ್ಮಿನ ಸಂದ್ಯಾಗ
ಜ್ವಾಳಿ ಬಿದ್ದಿದ್ದಳು, ಕುತ್ತಿಗೆ ಹಿಂದಕ್ಕ ತಿರುಚಿ
ಆಕಾಶಕ್ಕ ಏನೋ ಕೇಳೋರಂಗ.
ಕೊಕ್ಕರೆ ರೋಗ. ಇದು ಐದನೇದು.
ನಾಲ್ಕು ತಾವಾಗೇ ಹೋದವು
ಒಂದೊಂದೂ ಎರಡೆರಡು ದಿನ ತಗೊಂಡು.
ಇವಳು ಮೂರನೇ ದಿನಕ್ಕೂ ಹೋಗವಲ್ಲಳು.
ಕಾಳು ಹಾಕಿದರ ಗುರಿ ತಪ್ಪಿ
ಬಾಜೂಕಿನ ಮಣ್ಣು ಕುಕ್ಕತಾಳ.

"ಏನರೆ ಮಾಡ್ರಿ" ಅಂದಳು ಹುಲಿಗೆಮ್ಮ.
ಏನು ಅಂತ ಅನಲಿಲ್ಲ.

ನಾನು ಐತವಾರ ಕೋಳಿ ತರಾಂವ.
ಅಂಗಡ್ಯಾಗ ಹುಸೇನಿ ಡ್ರಮ್ಮಿಗೆ ಎಸದಾಗ
ಆ ಬಡಬಡ ಸದ್ದು ನಿಲ್ಲೋತನ
ಮೊಬೈಲ್ ನೋಡಿಕೋತ ನಿಲ್ಲಾಂವ.
ಅರ್ಧ ಕಿಲೋ, ಚರ್ಮ ತಗಿ, ಅನ್ನಾಂವ.
ತಿನ್ನಲಾರದ ಕೋಳಿ ಕೊಲ್ಲೋದು
ನನಗ ಯಾರು ಕಲಿಸಿದ್ದರು?

ಬಾಜೂ ಮನಿ ಮಾಬಮ್ಮ ಗ್ವಾಡಿ ಆಚಿಂದ ಹೇಳಿದಳು,
ಕಣ್ಣಿಗೆ ಪೊರೆ ಬಂದೈತಿ ಆಕಿಗೆ, ಮಾತು ನೆಟ್ಟಗ:
"ಇಳಗಿ ಬ್ಯಾಡ. ಸಣ್ಣ ಚಾಕು ಮಸಿ,
ಉಗುರಿನ ಮ್ಯಾಲಿಟ್ರ ಜಾರಬಾರದು.
ಉಳದವನ್ನ ಒಳಗ ಹಾಕಿ ಬಾಗಲ ಮುಚ್ಚು.
ಟವೆಲ್ಲಿನಾಗ ಕಣ್ಣು ಮುಚ್ಚಿ ಸುತ್ತಿ ಬಗಲಾಗ ಇಟಗೊ,
ಅದರ ಎದಿ ಸಾವಕಾಶ ಆಗೋತನ ಕೂಡು.
ನಿನ್ನದು ಆಗೋತನ ಕಾಯಬ್ಯಾಡ ಮತ್ತ,
ಅದು ಆಗಂಗಿಲ್ಲ.
ಒಂದ ಸಲ, ಬೇಟಾ. ಎರಡನೇದು ಇಲ್ಲ."

ಎರಡನೇದರ ಭಯ ನನಗ ಗೊತ್ತು.
ಅರ್ಧ ಸಿಡದ ತೂತಿನಷ್ಟು ಕೆಟ್ಟದ್ದು
ನೆಲದ ಕೆಳಗ ಇನ್ನೊಂದಿಲ್ಲ.

ಕಲ್ಲಿನ ಮ್ಯಾಲೆ ಕುಂತೆ.
ಊಟದ ಡಬ್ಬಿಯಷ್ಟೂ ತೂಕ ಇಲ್ಲ ಆಕಿ.
ಅಂಗೈ ಕೆಳಗ ಎದಿ
ದೂರದ ಸುರಂಗದಾಗ ಡ್ರಿಲ್ಲು ನಡದಂಗ.
ಮೊದಲನೇ ತತ್ತಿ ಇಟ್ಟಿದ್ದು
ನನ್ನ ಹಳೇ ಹೆಲ್ಮೆಟ್ಟಿನಾಗ.
ಆವತ್ತು ಆ ಹೆಲ್ಮೆಟ್ಟು ತಗೀಬ್ಯಾಡ ಅಂತ ಮನ್ಯಾಗ ಜಗಳ.
ಡ್ರಿಲ್ಲು ಸಾವಕಾಶ ಆತು.
ಇನ್ನೂ ಸಾವಕಾಶ.
"ಹೋಗವ್ವ" ಅಂದೆ. ಗಟ್ಟಿಯಾಗೇ ಅಂದೆ.

ಒಂದ ಸಲಕ್ಕ.

ಆಮ್ಯಾಲಿನ ಒದ್ದಾಟ ಆಕಿದಲ್ಲ, ಬರೀ ನರದ್ದು
ಅಂತ ಮಾಬಮ್ಮ ಮೊದಲ ಹೇಳಿದ್ದಳು.
ಹೇಳಿದ್ದಳು ಖರೆ.
ನಾನು ಬಿಡಲಿಲ್ಲ ಟವೆಲ್ಲು,
ಮೊಬೈಲು ಕಿಸೆಯಾಗ ಒದರಿದರೂ ನೋಡಲಿಲ್ಲ.
ಮದ್ದಿಗೆ ಬೆಂಕಿ ಇಟ್ಟು ಎಣಸೋರಂಗ ಎಣಿಸಿದೆ,
ಮೂವತ್ತೆಂಟಕ್ಕ ಎಲ್ಲ ನಿಂತು
ಗಣಿ ಸೈರನ್ ಕೂಗಿತು.

"ಆತೇನು?" ಗ್ವಾಡಿ ಆಚಿಂದ.
"ಆತು."
"ಚಾಕು ಕುದಿಯೋ ನೀರಾಗ ಹಾಕು."

ಸುಣ್ಣದ ಚೀಲ ಬಿಚ್ಚೋವಾಗ
ಅರ್ಧ ಸುಣ್ಣ ಚಪ್ಪಲಿ ಮ್ಯಾಲೆ ಚೆಲ್ಲಿತು.
ಕೈ.
ನಡುಗಲಿ ಅಂತ ಬಿಟ್ಟೆ.

ಗುಂಡಿ ತೋಡೋದು ಮಾತ್ರ ನನಗ ಬರತೈತಿ.
ಮಣಕಾಲುತನ, ತೊಡಿತನ,
ಕೆಂಪು ಮಣ್ಣು ದಾಟಿ ಗರಸು ಹತ್ತೋತನ ತೋಡಿದೆ.
ಹುಲಿಗೆಮ್ಮ ಹಾರಿ ಹಿಡದು ನಿಲ್ಲಿಸಿದಳು:
"ಸಾಕ್ರಿ.
ಒಂದು ಕೋಳಿಗೆ ಎಷ್ಟು ಇಳೀತೀರಿ?"