ಗೋಲಿ ಇರುವ ಬಾಟಲಿ

ಬೋರಾ ಬಜಾರಿನ ಮರದ ಮೆಟ್ಟಿಲು ಹತ್ತಿದರೆ
ಹಕೀಮುದ್ದೀನ್ ಸೇಠರ ಅಂಗಡಿ.
ಕಲರ್ ಕಿಟ್ ಕೇಳಿದರೆ ಮೊದಲು ಮುಖ ನೋಡುತ್ತಾರೆ,
ಆಮೇಲೆ ಡಬ್ಬಿಯ ಬೆನ್ನು ನೋಡುತ್ತಾರೆ:
"ತಾರೀಖು ಮುಗಿದು ಎರಡು ತಿಂಗಳು. ಓಡುತ್ತೆ.
ಇನ್ನೂರು ಕಮ್ಮಿ ಕೊಡು."

ಅರ್ಧ ಪುಡಿ ಈಗ, ಅರ್ಧ ಆಮೇಲೆ ಕಲಸಲೇ ಎಂದೆ.
"ಹುಚ್ಚಿ, ಪೊಟ್ಟಣದೊಳಗೆ ಯಾವುದು ಎಲ್ಲಿ ಕೂತಿದೆಯೋ
ಯಾರು ಕಂಡವರು? ಕಲಸಿದರೆ ಪೂರ್ತಿ ಕಲಸು."

ಪೂರ್ತಿ ಕಲಸಿದೆ.
ಕರೀ ರೋಡಿನ ಚಾಳು, ಮೂರನೇ ಮಾಳಿಗೆ,
ಸೀರೆಯಷ್ಟಗಲದ ಮೋರಿ.
ಮೇ ತಿಂಗಳಲ್ಲಿ ಸ್ಟವ್ ಹಚ್ಚುವುದೇ ಬೇಡ,
ಮಧ್ಯಾಹ್ನ ಎರಡಕ್ಕೆ ಟಾಕಿಯ ನೀರು
ತಾನಾಗಿಯೇ ಮೂವತ್ತೆಂಟು ಡಿಗ್ರಿ,
ಮಕ್ಕಳಿಗೆ ಬರುವ ಸಣ್ಣ ಜ್ವರದ ಹಾಗೆ.

ಎರಡು ಕಂದು ಬಾಟಲಿ, ಒಂದೇ ಎತ್ತರ.
ಡೆವಲಪರಿಗೆ ಗಾಳಿ ಆಗದು.
ಸುರಿದಾಗಲೆಲ್ಲ ಒಂದು ಗುಟುಕು ಕಮ್ಮಿಯಾಗುತ್ತದೆ,
ಆ ಖಾಲಿಯಲ್ಲಿ ಗಾಳಿ ಬಂದು ಕೂರುತ್ತದೆ.
ಅದಕ್ಕೇ ಪಕ್ಕದ ಖೋಲಿಯ ನಿನಾದನ ಹತ್ತಿರ
ಇಪ್ಪತ್ತೆರಡು ಗೋಲಿ ಸಾಲ ತಂದೆ.
ಒಂದೊಂದಾಗಿ ಇಳಿಬಿಟ್ಟರೆ ದ್ರಾವಣ ಕೊರಳಿಗೆ ಏರಿತು.
ಗೋಲಿ ಇದ್ದದ್ದು ಡೆವಲಪರ್, ಇಲ್ಲದ್ದು ಬ್ಲಿಕ್ಸ್,
ಇಷ್ಟೇ ನನ್ನ ಶಾಸ್ತ್ರ.

ಚೀಟಿಯನ್ನೂ ಅಂಟಿಸಿದ್ದೆ, ಕನ್ನಡದಲ್ಲಿ: ವಿಷ.
ನಲವತ್ತು ಖೋಲಿಯ ಈ ಚಾಳಿನಲ್ಲಿ
ಅದನ್ನು ಓದಬಲ್ಲವಳು ನಾನೊಬ್ಬಳೇ.
ಆಗ ಹೊಳೆಯಲಿಲ್ಲ.

ವೈಜೂತಾಯಿಯ ಮಗಳ ಸಾಖರಪುಡಾ.
ವಿಲಾಸ ಮಾಮಾ ತನ್ನ ಹಳೇ ಕ್ಯಾಮೆರಾ ತಂದು
ಒಂದು ರೀಲು ಪೂರ್ತಿ ಹೊಡೆದ.
"ಲ್ಯಾಬಿಗೆ ಯಾಕೆ ದುಡ್ಡು, ನಾನಿದ್ದೀನಲ್ಲ" ಅಂದವಳು ನಾನು.
ಕೇಳದೆಯೇ ಅಂದೆ.

ಆವತ್ತು ನೆಗಡಿ, ಮೂಗು ಸತ್ತಿತ್ತು.
ಇಲ್ಲದಿದ್ದರೆ ಬ್ಲಿಕ್ಸಿನ ಘಾಟು ಕೈ ತಡೆಯುತ್ತಿತ್ತು.
ನೆಲದ ಮೇಲೊಂದು ಕಂದು ಉಂಗುರ ಕಂಡಿತ್ತು,
ಚಹಾ ಕಪ್ಪಿನದು ಎಂದುಕೊಂಡೆ.
ಗೋಲಿ ಇರುವ ಬಾಟಲಿಯಿಂದ ಸುರಿದೆ,
ಮೂರು ನಿಮಿಷ ಹದಿನೈದು ಸೆಕೆಂಡು
ಟ್ಯಾಂಕು ಬೋರಲು, ಟ್ಯಾಂಕು ನೇರ,
ಗಡಿಯಾರ ನೋಡುತ್ತ, ಸೀನುತ್ತ.

ಬಿಚ್ಚಿದರೆ ಉದ್ದಕ್ಕೂ ಕಿತ್ತಳೆ.
ಉಂಗುರವಿಲ್ಲ, ಪೇಢೆಯಿಲ್ಲ, ಹುಡುಗಿಯಿಲ್ಲ.
ಕ್ಯಾಮೆರಾ ಕೆಟ್ಟಿದ್ದರೂ ಅಂಚಿನಲ್ಲಿ
ಕಂಪನಿಯವರ ಅಂಕಿಗಳಾದರೂ ಮೂಡುತ್ತವೆ,
ಹನ್ನೊಂದು, ಹನ್ನೊಂದು ಎ, ಹನ್ನೆರಡು.
ಅವೂ ಇಲ್ಲ.
ತೊಳೆದವಳದೇ ತಪ್ಪು ಅಂತ ಫಿಲ್ಮು ಬರೆದುಕೊಟ್ಟಿತ್ತು,
ಅದನ್ನು ಓದಬಲ್ಲವಳೂ ಇಲ್ಲಿ ನಾನೊಬ್ಬಳೇ.

ನಿನಾದ ಬಾಗಿಲಲ್ಲಿ ನಿಂತಿದ್ದ.
ಭಾನುವಾರ ಮ್ಯಾಚಿತ್ತಂತೆ, ಗೋಲಿ ತೆಗೆದನಂತೆ,
ಗೆದ್ದ ಮೇಲೆ ವಿಮ್ ಹಾಕಿ ತೊಳೆದು ವಾಪಸು ಹಾಕಿದನಂತೆ.
"ಇಪ್ಪತ್ತೆರಡೂ ಇವೆ, ಎಣಿಸಿ ನೋಡಿ."
ಯಾವ ಬಾಟಲಿಗೆ ಅಂತ ನಾನು ಕೇಳಲಿಲ್ಲ.
ಅವನ ಎರಡೂ ಕೈ ಹಿಡಿದು ನೋಡಿದೆ,
ನಾಲಿಗೆ ಹೊರಗೆ ಹಾಕು ಅಂದೆ, ಕಣ್ಣು ಬಿಡು ಅಂದೆ.
ಏನೂ ಆಗಿರಲಿಲ್ಲ.
ಆಮೇಲೆ ಮೋರಿಯಲ್ಲಿ ಕೂತು ಗಡಗಡ ನಡುಗಿದೆ.

ವೈಜೂತಾಯಿಯ ಕೈ ಬಲು ಭಾರ,
ಆ ಹುಡುಗನ ಬೆನ್ನಿಗೆ ಗೊತ್ತು.
"ಕ್ಯಾಮೆರಾ ಕೆಟ್ಟಿತ್ತು ತಾಯಿ" ಎಂದೆ.
ಆಕೆ ಆ ಪಟ್ಟಿಯನ್ನು ಬಿಸಿಲಿಗೆ ಹಿಡಿದು ನೋಡಿದರು:
"ನೀನಂತೂ ಚೆನ್ನಾಗಿಯೇ ತೊಳೆದಿದ್ದೀ ಬಿಡು."
ಸಂಜೆ ಗ್ಯಾಲರಿಯಲ್ಲಿ ವಿಲಾಸ ಮಾಮಾನಿಗೆ ಬೈಗುಳ.
ಆತ ತಲೆ ತಗ್ಗಿಸಿ ಕೇಳಿಸಿಕೊಂಡ,
ಹಳೇದು, ನಂಬಬಾರದಿತ್ತು ಅಂದ.

ಈಗ ಚೀಟಿ ಮರಾಠಿಯಲ್ಲಿದೆ. ಬಾಟಲಿಗೆ ಬೀಗದ ಪೆಟ್ಟಿಗೆ.
ಗೋಲಿಗಳನ್ನು ತಿರುಗಿ ಕೊಟ್ಟಿಲ್ಲ,
ಹೊಸವು ಕೊಡಿಸಿದೆ, ಗಾಜಿನೊಳಗೆ ಹೂವಿರುವಂಥವು.

ಜೂನಿನಲ್ಲಿ ಮತ್ತೆ ಕಿಟ್ ತರಲು ಹೋದೆ.
ಸೇಠರ ಕಪಾಟಿನಲ್ಲಿ ಆ ಕ್ಯಾಮೆರಾ,
ಪಟ್ಟಿಯಲ್ಲಿ ಮಾಮಾ ಹಾಕಿದ್ದ ಅದೇ ಕೆಂಪು ಹೊಲಿಗೆ.
"ಯಾರೋ ಮಿಲ್ಲಿನವನು, ಸಿಕ್ಕಿದ್ದಕ್ಕೆ ಕೊಟ್ಟುಹೋದ.
ಬಿಚ್ಚಿ ನೋಡಿದೆ, ಒಂದು ದೋಷವಿಲ್ಲ.
ತಗೋ, ಒತ್ತಿ ನೋಡು."

ಒತ್ತಿದೆ.